ವೃದ್ಧಾಶ್ರಮದ ಹಿರಿಯರ ಆರೋಗ್ಯದಲ್ಲಿ ಏರುಪೇರಾದರೆ ಡಾಕ್ಟರ್‌ಗೆ ಏನು ಹೇಳಬೇಕು, ಯಾವಾಗ ಹೇಳಬೇಕು?

ಆಶ್ರಮದ ಸಿಸ್ಟರ್, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೇನೆ. ಈ ಭಾಗದಲ್ಲಿ ಆಶ್ರಮ ನಡೆಸುವವರು, ಅಲ್ಲಿ ಕೆಲಸ ಮಾಡುವವರು, ತಂದೆ-ತಾಯಿಯನ್ನು ಅಲ್ಲಿ ಇಟ್ಟಿರುವವರು, ಡಾಕ್ಟರುಗಳು ಎಲ್ಲರೂ ಈ ಗುಂಪಿನಲ್ಲಿ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮಲ್ಲಿ ಡಾಕ್ಟರ್ ದಿನಾ ಇರುವುದಿಲ್ಲ. ವಾರಕ್ಕೊಮ್ಮೆ ಬರುತ್ತಾರೆ, ಉಳಿದ ದಿನ ಫೋನ್. ಎಷ್ಟೋ ಕಡೆ ಇಷ್ಟೂ ಇಲ್ಲ ಅಂತ ಗೊತ್ತು. ಅಂದರೆ ಡಾಕ್ಟರ್ ಕಣ್ಣಿಗೆ ರೋಗಿ ಕಾಣುವುದಿಲ್ಲ, ಕಿವಿಗೆ ನಮ್ಮ ಮಾತು ಮಾತ್ರ ಬೀಳುತ್ತದೆ. ಆ ಮಾತು ಸರಿ ಇಲ್ಲದಿದ್ದರೆ ಅವರ ತೀರ್ಮಾನವೂ ಸರಿ ಇರುವುದಿಲ್ಲ, ಅಲ್ವಾ?

ಏರುಪೇರು ಮೊದಲು ಗೊತ್ತಾಗುವುದು ನನಗಲ್ಲ. ಬೆಳಗ್ಗೆ ಮೈ ತೊಳೆಯುವ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುವ ಆಯಾಗಳಿಗೆ. "ಸಿಸ್ಟರ್, ಮುತ್ಯಾ ಇವತ್ತು ದಿನದಂಗ ಇಲ್ರಿ" ಅನ್ನುತ್ತಾರೆ. ಈ ಮಾತನ್ನು ನಾನು ತುಂಬಾ ಬೆಲೆ ಕೊಟ್ಟು ಕೇಳುತ್ತೇನೆ. ಆದರೆ ಬಹಳ ಕಡೆ ಈ ಮಾತು ಆಯಾಳಿಂದ ಮ್ಯಾನೇಜರ್‌ಗೆ, ಮ್ಯಾನೇಜರ್‌ನಿಂದ ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ಮಗನಿಗೆ, ಮಗನಿಂದ ಪರಿಚಯದ ಡಾಕ್ಟರ್‌ಗೆ ಹೋಗುತ್ತದೆ. ಅಲ್ಲಿಗೆ ಮುಟ್ಟುವಾಗ "ಸ್ವಲ್ಪ ಸುಸ್ತಂತೆ" ಅಂತ ಆಗಿರುತ್ತದೆ. ಡಾಕ್ಟರ್ ಓಆರ್‌ಎಸ್ ಕೊಡಿ, ನಾಳೆ ನೋಡೋಣ ಅನ್ನುತ್ತಾರೆ. ಅವರಾದರೂ ಇನ್ನೇನು ಹೇಳಬೇಕು?

ನಿಮ್ಮಲ್ಲಿ ಹೇಗೆ ಮಾಡುತ್ತೀರಿ? ಯಾರು ಫೋನ್ ಮಾಡುತ್ತೀರಿ, ಏನೇನು ನೋಡಿಕೊಂಡು ಮಾಡುತ್ತೀರಿ? ಡಾಕ್ಟರುಗಳೂ ದಯವಿಟ್ಟು ಹೇಳಿ, ನಿಮಗೆ ಏನು ಬೇಕು?

ಬೀದರ್ ಮಗಳು

ಸಿಸ್ಟರ್, ನಾನು ಮನೆಯವರ ಕಡೆಯಿಂದ ಹೇಳುತ್ತೇನೆ. ನಮ್ಮ ಅಪ್ಪ ಒಂದು ಆಶ್ರಮದಲ್ಲಿದ್ದರು, ಹೆಸರು ಬೇಡ. ಮಾತಿನ ಮನುಷ್ಯ, ಎಲ್ಲರ ಜೊತೆ ವಾದ ಮಾಡುವವರು. ಒಂದು ವಾರ ನಾನು ಫೋನ್ ಮಾಡಿದಾಗಲೆಲ್ಲ "ಆರಾಮ ಮಲಗ್ಯಾರ್ರೀ, ಈಗ ಏನೂ ತ್ರಾಸು ಕೊಡಂಗಿಲ್ಲ" ಅಂತ ಹೇಳಿದರು. ಖುಷಿಯಿಂದ ಹೇಳಿದರು. ನಾನು ಹೋಗಿ ನೋಡಿದಾಗ ಅಪ್ಪನಿಗೆ ನನ್ನ ಗುರುತು ಹತ್ತಲಿಲ್ಲ. ಬಾಯಿ ಒಣಗಿತ್ತು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸೋಡಿಯಂ ಬಹಳ ಕಡಿಮೆ. ಬಿಪಿ ಮಾತ್ರೆ ಹೊಸದಾಗಿ ಬದಲಾಯಿಸಿದ್ದರಂತೆ, ಅದರಿಂದ ಆಗಿದ್ದು ಅಂದರು.

ಅಪ್ಪ ಹುಷಾರಾದರು. ಆದರೆ ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಜಗಳ ಮಾಡುವ ಮನುಷ್ಯ ಸುಮ್ಮನಾದರೆ ಅದು ಆರಾಮ ಹೇಗಾಗುತ್ತದೆ? ಗಲಾಟೆ ಮಾಡಿದರೆ ಮಾತ್ರ ಡಾಕ್ಟರ್‌ಗೆ ಫೋನ್ ಹೋಗುತ್ತದೆ. ಸುಮ್ನೆ ಬಿದ್ದುಕೊಂಡವರನ್ನು ಯಾರೂ ನೋಡುವುದಿಲ್ಲ.

ಡ್ಯೂಟಿ ಡಾಕ್ಟರ್

ಬೀದರ್ ಅಕ್ಕ ಹೇಳಿದ್ದನ್ನೇ ಮೊದಲು ಹಿಡಿಯುತ್ತೇನೆ, ಯಾಕೆಂದರೆ ನಾನು ಅತಿ ಜಾಸ್ತಿ ನೋಡುವುದು ಇದನ್ನೇ. ವಯಸ್ಸಾದವರಲ್ಲಿ ಮನಸ್ಸು ಇದ್ದಕ್ಕಿದ್ದಂತೆ ಮಂಕಾಗುವುದಕ್ಕೆ ಡೆಲಿರಿಯಂ ಅನ್ನುತ್ತೇವೆ. ಇದು ಮರೆವಿನ ಕಾಯಿಲೆಯಲ್ಲ. ಮರೆವು ತಿಂಗಳು, ವರ್ಷಗಳಲ್ಲಿ ನಿಧಾನಕ್ಕೆ ಬರುತ್ತದೆ. ಇದು ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಬರುತ್ತದೆ. ಬೆಳಗ್ಗೆ ಪರವಾಗಿಲ್ಲ, ಸಂಜೆ ಗೊಂದಲ, ಹೀಗೆ ಏರಿಳಿಯುತ್ತದೆ. ಕೆಲವರು ಕೂಗಾಡುತ್ತಾರೆ. ಕೆಲವರು ಪೂರ್ತಿ ಸುಮ್ಮನಾಗುತ್ತಾರೆ, ತೂಕಡಿಸುತ್ತಾರೆ. ಈ ಎರಡನೆಯವರೇ ತಪ್ಪಿಹೋಗುವುದು.

ಹಿಂದೆ ಏನೋ ಒಂದು ಕಾರಣ ಇದ್ದೇ ಇರುತ್ತದೆ. ನ್ಯುಮೋನಿಯಾ, ನೀರಿನಂಶ ಕಡಿಮೆ, ಮಲಬದ್ಧತೆ, ಮೂತ್ರ ಕಟ್ಟಿಕೊಂಡಿರುವುದು, ಸಕ್ಕರೆ ಇಳಿದಿರುವುದು, ಸೋಡಿಯಂ, ಹೊಸ ಮಾತ್ರೆ, ಎಲ್ಲೋ ನೋವು. ಮರೆವಿನ ಕಾಯಿಲೆ ಮೊದಲೇ ಇದ್ದವರಿಗೆ ಇದು ಇನ್ನೂ ಸುಲಭವಾಗಿ ಬರುತ್ತದೆ. ಆಗ "ಅವರು ಯಾವಾಗಲೂ ಹಾಗೇ" ಅಂತ ಬಿಟ್ಟುಬಿಡುತ್ತಾರೆ. ಅನುಮಾನ ಬಂದರೆ ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ ನೋಡಿ. ಮೊನ್ನೆ ಹೇಳುತ್ತಿದ್ದವರು ಇವತ್ತು ಶುಕ್ರವಾರಕ್ಕೇ ನಿಂತು ಬೇರೆ ಕಡೆ ನೋಡುತ್ತಿದ್ದರೆ ನನಗೆ ಫೋನ್ ಮಾಡಿ. "ಮೊನ್ನೆವರೆಗೆ ಹೇಳುತ್ತಿದ್ದರು, ಇವತ್ತು ಆಗುತ್ತಿಲ್ಲ" ಅನ್ನುವ ಒಂದು ಮಾತು ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತದೆ.

ಇನ್ನು ಸಿಸ್ಟರ್ ಕೇಳಿದ್ದು, ನನಗೆ ಏನು ಬೇಕು ಅಂತ. ಯಾರ ಬಗ್ಗೆ, ವಯಸ್ಸೆಷ್ಟು, ಏನು ಬದಲಾಗಿದೆ, ಯಾವಾಗಿನಿಂದ. ಇದು ಮೊದಲ ಉಸಿರಿಗೇ ಬರಲಿ. ಹಳೆಯ ಕಾಯಿಲೆ ಮತ್ತು ಮಾತ್ರೆ ಆಮೇಲೆ. ಆಮೇಲೆ ನೀವು ಅಳೆದ ಅಂಕಿ. ಕೊನೆಗೆ ನಿಮಗೆ ಏನು ಅನ್ನಿಸುತ್ತದೆ, ನನ್ನಿಂದ ಏನು ಬೇಕು ಅಂತ ನೇರವಾಗಿ ಹೇಳಿ. ಬಂದು ನೋಡಬೇಕಾ, ಆಸ್ಪತ್ರೆಗೆ ಕಳಿಸಲಾ, ಮಾತ್ರೆ ನಿಲ್ಲಿಸಲಾ? ಎಷ್ಟೋ ನರ್ಸ್‌ಗಳು "ಡಾಕ್ಟರ್‌ಗೆ ನಾವು ಹೇಳುವುದು ಹೇಗೆ" ಅಂತ ಇದನ್ನು ನುಂಗಿಕೊಳ್ಳುತ್ತಾರೆ. ನುಂಗಬೇಡಿ. "ಸರ್, ನನಗೆ ಇವರನ್ನು ಬೆಳಗಿನವರೆಗೆ ಇಟ್ಟುಕೊಳ್ಳಲು ಭಯ ಆಗುತ್ತಿದೆ" ಅಂದರೆ ನಾನು ಕಳಿಸಿ ಅಂತಲೇ ಹೇಳುತ್ತೇನೆ.

ಹುಮನಾಬಾದಿನವಳು, ಈಗ ಅಮೆರಿಕದಲ್ಲಿ

ನಾನು ಇಲ್ಲಿ ಒಂದು ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿನ ನರ್ಸಿಂಗ್ ಹೋಮ್ ಅಂದರೆ ಹಿರಿಯರು ವರ್ಷಗಟ್ಟಲೆ ಇರುವ ಜಾಗ.

ಡಾಕ್ಟರ್ ಸಾಹೇಬ್ರು ಹೇಳಿದ ಕ್ರಮಕ್ಕೆ ಇಲ್ಲಿ ಎಸ್‌ಬಿಎಆರ್ ಅನ್ನುತ್ತಾರೆ. ಈಗಿನ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ನಮ್ಮ ಕೋರಿಕೆ, ಈ ನಾಲ್ಕು. ಇದು ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಶುರುವಾಗಿದ್ದು. ಆಸ್ಪತ್ರೆಗಳಿಗೆ ತಂದವರು ಕೊಲರಾಡೋದ ಕೈಸರ್ ಪರ್ಮನೆಂಟೆ ಸಂಸ್ಥೆಯವರು. ಕೆಳಗಿನ ಹುದ್ದೆಯವರು ಮೇಲಿನವರಿಗೆ ಹೆದರದೆ, ಸುತ್ತಿ ಬಳಸದೆ ವಿಷಯ ಹೇಳುವುದಕ್ಕೆ ಇದು ಬಹಳ ಉಪಯೋಗ.

ಇಲ್ಲಿ ಇದು ನರ್ಸ್‌ನ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ಕೇಂದ್ರ ಸರ್ಕಾರದ ನಿಯಮ ಇದೆ. ಬಿದ್ದು ಪೆಟ್ಟಾಗಿ ಡಾಕ್ಟರ್ ಬೇಕಾಗಬಹುದು ಅನ್ನಿಸಿದರೆ, ದೇಹದಲ್ಲೋ ಮನಸ್ಸಿನಲ್ಲೋ ದೊಡ್ಡ ಬದಲಾವಣೆ ಆದರೆ, ಚಿಕಿತ್ಸೆ ಗಮನಾರ್ಹವಾಗಿ ಬದಲಿಸಬೇಕಾದರೆ, ಬೇರೆ ಕಡೆ ಕಳಿಸುವ ತೀರ್ಮಾನ ಆದರೆ ಕೂಡಲೇ ಡಾಕ್ಟರ್‌ಗೆ ತಿಳಿಸಬೇಕು. ಆ ಹಿರಿಯರಿಗೂ ಹೇಳಬೇಕು, ಅವರ ಪರವಾಗಿ ಇರುವವರಿಗೂ ಹೇಳಬೇಕು.

ನನಗೆ ಬಹಳ ಇಷ್ಟವಾದದ್ದು ಇನ್ನೊಂದು. 'ಸ್ಟಾಪ್ ಅಂಡ್ ವಾಚ್' ಅನ್ನುವ ಒಂದು ಸಣ್ಣ ಚೀಟಿ. ಇಂಟರ್ಯಾಕ್ಟ್ ಅನ್ನುವ ಕಾರ್ಯಕ್ರಮದ್ದು. ಅಡುಗೆಯವರು, ನೆಲ ಒರೆಸುವವರು, ಮನೆಯವರು ಯಾರು ಬೇಕಾದರೂ ತುಂಬಬಹುದು. ಎಂದಿನಂತಿಲ್ಲ, ಮಾತು ಕಡಿಮೆ, ಜಾಸ್ತಿ ಸಹಾಯ ಬೇಕಾಗುತ್ತಿದೆ, ನೋವು, ಊಟ ಕಡಿಮೆ, ಮೂರು ದಿನದಿಂದ ಸಂಡಾಸ ಆಗಿಲ್ಲ ಅಥವಾ ಭೇದಿ, ನೀರು ಕಡಿಮೆ, ತೂಕ ಬದಲು, ಚಡಪಡಿಕೆ, ಸುಸ್ತು ಅಥವಾ ಗೊಂದಲ, ಚರ್ಮದ ಬಣ್ಣ ಬದಲು, ನಡೆಯಲು ಏಳಲು ಜಾಸ್ತಿ ಆಸರೆ. ಇದರಲ್ಲಿ ಕಂಡದ್ದಕ್ಕೆ ಒಂದು ಗೆರೆ ಎಳೆದು ನರ್ಸ್ ಕೈಗೆ ಕೊಟ್ಟರೆ ಸಾಕು. ನರ್ಸ್ ಹೋಗಿ ನೋಡಿ ಏನು ಮಾಡಿದೆ ಅಂತ ಅದರಲ್ಲೇ ಬರೆಯಬೇಕು. ಹೇಳಿದವರ ಮಾತು ಗಾಳಿಗೆ ಹೋಗುವುದಿಲ್ಲ.

ಆಶ್ರಮದ ಸಿಸ್ಟರ್, ಕಲಬುರಗಿ

ಈ ಚೀಟಿ ನಮಗೆ ಬೇಕೇ ಬೇಕು. ಬರೆಯಲು ಬಾರದ ಆಯಾಗಳಿಗೆ ಚಿತ್ರ ಹಾಕಿದರೆ ಆಯಿತು. ತಟ್ಟೆ, ಲೋಟ, ಹಾಸಿಗೆ, ಕೋಲು. ಬೆರಳಿಟ್ಟು ತೋರಿಸಿದರೂ ಸಾಕು.

ಯಾದಗಿರಿ ಟ್ರಸ್ಟ್ ನೋಡಿಕೊಳ್ಳುವವನು

ನೀವೆಲ್ಲ ಹೇಳುವುದು ಸರಿ ಇದೆ ಆದರೆ ನಮ್ಮಂಥವರ ಕಥೆ ಕೇಳಿ. ನಮ್ಮದು ಊರವರು ದವಸ ಕೊಟ್ಟು ನಡೆಸುವ ಆಶ್ರಮ. ನರ್ಸ್ ಇಲ್ಲ. ಹಗಲು ಇಬ್ಬರು, ರಾತ್ರಿ ಒಬ್ಬಾಕೆ. ಬಿಪಿ ಮಷೀನ್ ಒಂದು ಇದೆ, ಸೆಲ್ ಹಾಕಿದರೆ ನಡೆಯುತ್ತದೆ. ಗುರುಮಠಕಲ್ ಕಡೆಯವರು ಕೆಲವರು, ಅವರು ತೆಲುಗು ಬಿಟ್ಟರೆ ಬೇರೆ ಮಾತಾಡುವುದಿಲ್ಲ. ನಾವು ಏನು ಅಳೆಯಬೇಕು, ಏನು ಹೇಳಬೇಕು? ಡಾಕ್ಟರ್‌ಗೆ ಫೋನ್ ಮಾಡಿದರೆ "ಇಷ್ಟಕ್ಕೆಲ್ಲ ಯಾಕೆ ಮಾಡ್ತೀರಿ" ಅಂತಾರೆ, ಮಾಡದಿದ್ದರೆ "ಇಷ್ಟು ತಡ ಯಾಕೆ ಮಾಡಿದಿರಿ" ಅಂತಾರೆ.

ಡ್ಯೂಟಿ ಡಾಕ್ಟರ್

ಅಣ್ಣಾವ್ರೇ, ನಿಮ್ಮ ಕೊನೆಯ ಮಾತು ನೂರಕ್ಕೆ ನೂರು ನಿಜ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ದುಡ್ಡಿಲ್ಲದೆ ಆಗುವುದನ್ನು ಹೇಳುತ್ತೇನೆ.

ಉಸಿರು ಎಣಿಸಿ. ಇದಕ್ಕೆ ಗಡಿಯಾರ ಸಾಕು. ಅವರಿಗೆ ಗೊತ್ತಾಗದ ಹಾಗೆ, ಎದೆ ಅಥವಾ ಹೊಟ್ಟೆ ಏಳುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಸುಮ್ಮನೆ ಕೂತಾಗ ಅಥವಾ ಮಲಗಿದಾಗ ನಿಮಿಷಕ್ಕೆ 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ದೊಡ್ಡ ಎಚ್ಚರಿಕೆ. ವಯಸ್ಸಾದವರಲ್ಲಿ ನ್ಯುಮೋನಿಯಾ ಬಂದಾಗ ಕೆಮ್ಮು, ಜ್ವರಕ್ಕಿಂತ ಮೊದಲೇ ಉಸಿರು ಏರಿರುತ್ತದೆ ಎಷ್ಟೋ ಸಲ. ಬ್ರಿಟನ್ನಿನಲ್ಲಿ ಆಸ್ಪತ್ರೆಗಳು ಬಳಸುವ ನ್ಯೂಸ್-2 ಅನ್ನುವ ಅಂಕಪಟ್ಟಿ ಇದೆ, 2017ರಲ್ಲಿ ಪರಿಷ್ಕರಿಸಿದ್ದು. ಅಂಕ ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ. ಅದರಲ್ಲೂ ಉಸಿರು 25 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅತಿ ಹೆಚ್ಚಿನ ಅಂಕ. ಹೊಸದಾಗಿ ಬಂದ ಗೊಂದಲಕ್ಕೂ ಅಷ್ಟೇ ಅಂಕ. ಇವೆರಡನ್ನೂ ಯಾವ ಯಂತ್ರ ಇಲ್ಲದೆ ನೋಡಬಹುದು.

ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ, ಅಷ್ಟು ಖರ್ಚಲ್ಲ. ಹಿರಿಯರಲ್ಲಿ ಜ್ವರ 102, 103 ಬರಲಿ ಅಂತ ಕಾಯಬಾರದು. ಬಾಯಲ್ಲಿ ನೋಡಿದಾಗ ಒಮ್ಮೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೂ ಜ್ವರವೇ. ಮತ್ತೆ ಮತ್ತೆ 99 ದಾಟುತ್ತಿದ್ದರೂ ಜ್ವರವೇ. ಅವರ ಎಂದಿನ ಕಾವಿಗಿಂತ 2 ಡಿಗ್ರಿ ಏರಿದ್ದರೂ ಜ್ವರ. ಸದಾ 96.5 ಇರುವ ಅಜ್ಜಿಗೆ 98.6 ಅಂದರೆ ನಾರ್ಮಲ್ ಅಂತ ಫೋನಿನಲ್ಲಿ ಹೇಳುತ್ತಾರೆ. ಆ ಅಜ್ಜಿಗೆ ಅದು ನಾರ್ಮಲ್ ಅಲ್ಲ. ಹಾಗಾಗಿ ಆರಾಮ ಇದ್ದಾಗ ಅಳೆದು ಬರೆದಿಡಿ. ಎಲ್ಲ ಅಂಕಿಗೂ ಇದೇ ಮಾತು. ಬಿಪಿ, ನಾಡಿ, ಆಕ್ಸಿಜನ್, ತೂಕ, ಎಷ್ಟು ರೊಟ್ಟಿ ತಿನ್ನುತ್ತಾರೆ, ಒಬ್ಬರೇ ಸಂಡಾಸಕ್ಕೆ ಹೋಗುತ್ತಾರಾ, ಯಾರ ಹೆಸರು ನೆನಪಿರುತ್ತದೆ. ಇದೆಲ್ಲ ಚೆನ್ನಾಗಿರುವ ದಿನ ಒಂದು ಹಾಳೆಯಲ್ಲಿ ಇದ್ದರೆ, ಕೆಟ್ಟ ದಿನ ಆ ಹಾಳೆಯನ್ನು ಮುಂದಿಟ್ಟುಕೊಂಡು ಮಾತಾಡಬಹುದು. ರಾತ್ರಿ ಡ್ಯೂಟಿಗೆ ಹೊಸಬರಿದ್ದರೂ ಆಗುತ್ತದೆ.

ಒಂದು ಕೈಮುಗಿದು ಕೇಳುತ್ತೇನೆ. ಪ್ಯಾರಾಸಿಟಮಾಲ್ ಕೊಡುವ ಮೊದಲು ಕಾವು ಅಳೆಯಿರಿ. ಕೊಟ್ಟ ಮೇಲೆ ಅಳೆದು ಜ್ವರ ಇಲ್ಲ ಸರ್ ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ.

ಔಷಧ ಅಂಗಡಿ, ಶಹಾಬಾದ್

ಮಾತ್ರೆ ವಿಷಯ ಬಂತಲ್ಲ, ನಾನೂ ಹೇಳುತ್ತೇನೆ. ಫೋನಿನಲ್ಲಿ "ಬಿಪಿ ಮಾತ್ರೆ, ಶುಗರ್ ಮಾತ್ರೆ, ಒಂದು ಸಣ್ಣ ಬಿಳಿ ಮಾತ್ರೆ" ಅಂತ ಹೇಳುತ್ತಾರೆ. ಬಿಳಿ ಮಾತ್ರೆ ಸಾವಿರ ಇವೆ. ಸ್ಟ್ರಿಪ್ಪಿನ ಹಿಂಭಾಗದ ಹೆಸರು, ಎಷ್ಟು ಮಿಲಿಗ್ರಾಂ ಅನ್ನುವುದನ್ನು ಓದಿ ಹೇಳಿ. ಇಲ್ಲವೇ ಎಲ್ಲ ಸ್ಟ್ರಿಪ್ ಸಾಲಾಗಿ ಇಟ್ಟು ಒಂದು ಫೋಟೋ ಕಳಿಸಿ.

ಬದಲಾವಣೆ ಕಂಡಾಗ ಮೊದಲ ಪ್ರಶ್ನೆ, ಇತ್ತೀಚೆಗೆ ಯಾವ ಮಾತ್ರೆ ಹೊಸದಾಗಿ ಬಂತು, ಯಾವುದು ನಿಂತಿತು? ಮನೆಯವರು ಬಂದಾಗ ಸುಮ್ನೆ ಕೊಟ್ಟುಹೋದ ನೋವಿನ ಮಾತ್ರೆಯೂ ಲೆಕ್ಕಕ್ಕೆ ಬರಬೇಕು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಅದರ ಜೊತೆ ಕೆಲವು ಬಿಪಿ ಮಾತ್ರೆ, ಮೂತ್ರ ಹೋಗಲು ಕೊಡುವ ಮಾತ್ರೆ, ಮೇಲೆ ನಮ್ಮ ಬೇಸಿಗೆ. ಕಿಡ್ನಿಗೆ ಹೊಡೆತ ಬೀಳುತ್ತದೆ.

ಇನ್ನೊಂದು ಸಕ್ಕರೆ ಮಾತ್ರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಇಂಥವು. ಊಟ ಬಿಟ್ಟಿದ್ದಾರೆ, ಮಾತ್ರೆ ಮಾತ್ರ ತಪ್ಪದೆ ಕೊಡುತ್ತಿದ್ದಾರೆ. ಸಕ್ಕರೆ ಇಳಿಯುತ್ತದೆ. ಬೆವರು, ನಡುಕ ಕಾಣಲೇಬೇಕು ಅಂತಿಲ್ಲ, ವಯಸ್ಸಾದವರು ಸುಮ್ನೆ ತಬ್ಬಿಬ್ಬಾಗುತ್ತಾರೆ. ಊಟ ಅರ್ಧಕ್ಕಿಂತ ಕಡಿಮೆ ಆದ ದಿನವೇ "ಶುಗರ್ ಮಾತ್ರೆ ಕೊಡಲಾ ಬೇಡವಾ" ಅಂತ ಡಾಕ್ಟರ್‌ಗೆ ಕೇಳಿ.

ಡ್ಯೂಟಿ ಡಾಕ್ಟರ್

ಔಷಧ ಅಂಗಡಿಯವರ ಮಾತಿಗೆ ಸೇರಿಸುತ್ತೇನೆ. ಸಕ್ಕರೆ 70ಕ್ಕಿಂತ ಕೆಳಗಿದ್ದು, ಎಚ್ಚರ ಇದ್ದು, ನುಂಗಲು ಆಗುತ್ತಿದ್ದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ, 108ಕ್ಕೆ ಫೋನ್ ಮಾಡಿ. ಈ ಮಾತ್ರೆಗಳಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಇಳಿಯುತ್ತದೆ. ಆದ್ದರಿಂದ "ಸಕ್ಕರೆ ಕೊಟ್ಟೆವು, ಎದ್ದು ಕೂತರು" ಅಂತ ಅಲ್ಲಿಗೇ ಬಿಡಬೇಡಿ, ತಿಳಿಸಿ.

ಈಗ ಯಾದಗಿರಿ ಅಣ್ಣಾವ್ರ ಪ್ರಶ್ನೆ. ಯಾವುದಕ್ಕೆ ಕೂಡಲೇ, ಯಾವುದಕ್ಕೆ ಬೆಳಗ್ಗೆ? ಇದನ್ನು ನಿಮ್ಮ ಡಾಕ್ಟರ್ ಜೊತೆ ಒಮ್ಮೆ ಕೂತು ಮಾತಾಡಿ ಬರೆದುಕೊಂಡುಬಿಡಿ, ಗೋಡೆಗೆ ಅಂಟಿಸಿ. ಆಮೇಲೆ ಇಬ್ಬರೂ ಬೈಯುವ ಹಾಗಿಲ್ಲ. ನನ್ನ ಪ್ರಕಾರ, ಮುಖ ಸೊಟ್ಟ, ಕೈ ಬಿದ್ದುಹೋಗುವುದು, ಮಾತು ತೊದಲು, ಎದೆನೋವು, ಉಸಿರಾಟದ ತೊಂದರೆ, ಎಬ್ಬಿಸಿದರೂ ಏಳದಿರುವುದು, ನಿಲ್ಲದ ರಕ್ತ, ಇವಕ್ಕೆ ನನ್ನ ಫೋನ್‌ಗೂ ಕಾಯಬೇಡಿ, 108. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು ಇದೆ. ಗಡುವು ಶುರುವಾಗುವುದು ನೀವು ನೋಡಿದ ಹೊತ್ತಿನಿಂದ ಅಲ್ಲ, ಅವರು ಕೊನೆಯ ಬಾರಿ ಚೆನ್ನಾಗಿದ್ದ ಹೊತ್ತಿನಿಂದ. ಅದಕ್ಕೇ ಆಸ್ಪತ್ರೆಯವರು "ಕೊನೆಗೆ ಯಾವಾಗ ಸರಿ ಇದ್ದರು" ಅಂತ ಕೇಳಿಯೇ ಕೇಳುತ್ತಾರೆ. ಜೊತೆಗೆ ಹೋಗುವವರಿಗೆ ಆ ಉತ್ತರ ಗೊತ್ತಿರಬೇಕು. ಗೇಟ್ ಕಾಯುವ ಹುಡುಗನನ್ನು ಜೊತೆಗೆ ಕಳಿಸಿದರೆ ಅವನಿಗೆ ಏನು ಗೊತ್ತು ಪಾಪ.

ಹೊಸ ಗೊಂದಲ, ಉಸಿರು 25, ಜ್ವರ, ಬೆಳಗ್ಗೆಯಿಂದ ಸಂಜೆವರೆಗೆ ಮೂತ್ರ ಇಲ್ಲ, ಬಿದ್ದದ್ದು, ಪದೇ ಪದೇ ವಾಂತಿ, ಇವಕ್ಕೆ ಅದೇ ಹೊತ್ತಿಗೆ ಫೋನ್ ಮಾಡಿ, ರಾತ್ರಿ ಎರಡಾದರೂ ಸರಿ. ಊಟ ಸ್ವಲ್ಪ ಕಡಿಮೆ, ನಿದ್ದೆ ಇಲ್ಲ, ಮೂರು ದಿನದ ಮಲಬದ್ಧತೆ, ಬೆನ್ನ ಮೇಲೆ ಒತ್ತಿದರೂ ಬಿಳುಚಿಕೊಳ್ಳದ ಕೆಂಪು, ಇವು ಬೆಳಗ್ಗೆ ಸಾಕು, ಆದರೆ ಬೆಳಗ್ಗೆ ಖಂಡಿತ.

ಬೀದರ್ ಮಗಳು

ತೂಕ ಯಾಕೆ ನೋಡಬೇಕು ಸಾಹೇಬ್ರೆ? ನಮ್ಮ ಅಪ್ಪನ ಈಗಿನ ಜಾಗದಲ್ಲಿ ನೋಡುತ್ತಾರೆ, ನನಗೆ ಅರ್ಥ ಆಗಿರಲಿಲ್ಲ.

ಡ್ಯೂಟಿ ಡಾಕ್ಟರ್

ಎರಡೂ ದಿಕ್ಕಿಗೆ ಬೇಕು. ಹೃದಯ ದುರ್ಬಲ ಇರುವವರಿಗೆ ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮೈಯಲ್ಲಿ ನಿಂತ ನೀರು. ರಾತ್ರಿ ಉಸಿರು ಕಟ್ಟುವ ಮೊದಲೇ ತೂಕ ಹೇಳುತ್ತದೆ, ಆಗ ಫೋನಿನಲ್ಲೇ ಮಾತ್ರೆ ಹೊಂದಿಸಬಹುದು. ಅವರಿಗೆ ದಿನಾ ಬೆಳಗ್ಗೆ, ಮೂತ್ರ ಮಾಡಿದ ಮೇಲೆ, ತಿನ್ನುವ ಮೊದಲು ನೋಡಿ. ಉಳಿದವರಿಗೆ ತಿಂಗಳಿಗೊಮ್ಮೆ ಸಾಕು. ತಿಂಗಳಲ್ಲಿ ನೂರಕ್ಕೆ ಐದು ಭಾಗ ಇಳಿದರೆ, ಅಂದರೆ 50 ಕಿಲೋ ಇದ್ದವರು 47.5 ಆದರೆ, ಅದನ್ನು ವಯಸ್ಸು ಅಂತ ಬಿಡಬಾರದು.

ಆಶ್ರಮದ ಸಿಸ್ಟರ್, ಕಲಬುರಗಿ

ಬೇಸಿಗೆಯ ಬಗ್ಗೆ ನಾನು ಬರೆಯಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಹಿರಿಯರಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಕೆಲವರು ಬೇಕಂತಲೇ ನೀರು ಕುಡಿಯುವುದಿಲ್ಲ, ರಾತ್ರಿ ಏಳಬೇಕಾಗುತ್ತದೆ, ಯಾರಿಗೆ ತ್ರಾಸು ಕೊಡಲಿ ಅಂತ. ಇದು ನನಗೆ ಬಹಳ ನೋವು ಕೊಡುವ ವಿಷಯ. ಹಾಗಾಗಿ ನಾವು ಬೇಸಿಗೆಯಲ್ಲಿ ಪ್ರತಿಯೊಬ್ಬರ ಲೋಟದ ಲೆಕ್ಕ ಬರೆಯುತ್ತೇವೆ. ಮಜ್ಜಿಗೆ, ಅಂಬಲಿ, ಚಹಾ ಎಲ್ಲ ಸೇರಿಸಿ. ಮೂತ್ರದ ಬಣ್ಣ ಗಾಢವಾದರೆ, ನಿಂತಾಗ ಚಕ್ರ ಬರುತ್ತದೆ ಅಂದರೆ ಮಲಗಿಸಿ ಬಿಪಿ, ನಿಲ್ಲಿಸಿ ಬಿಪಿ ಎರಡೂ ನೋಡಿ ಡಾಕ್ಟರ್‌ಗೆ ಹೇಳುತ್ತೇವೆ. ಬಿಪಿ ಮಾತ್ರೆ, ಮೂತ್ರದ ಮಾತ್ರೆ ಬೇಸಿಗೆಯಲ್ಲಿ ಕಡಿಮೆ ಮಾಡಬೇಕಾ ಅಂತ ಮಾರ್ಚ್‌ನಲ್ಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ನೀರು ಅಂತ ಬೇರೆಯೇ ಅಳತೆ ಇರುತ್ತದೆ, ಅದನ್ನೂ ಕೇಳಬೇಕು.

ಸೇಡಂ ರಸ್ತೆ

ನಮ್ಮಲ್ಲಿ ಯಾರಾದರೂ ಗೊಂದಲ ಮಾಡಿಕೊಂಡರೆ, ಮೂತ್ರ ವಾಸನೆ ಬಂದರೆ ತಕ್ಷಣ ಯೂರಿನ್ ಟೆಸ್ಟ್ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡುತ್ತೇವೆ. ಡಾಕ್ಟರ್ ಆಂಟಿಬಯೋಟಿಕ್ ಬರೆಯುತ್ತಾರೆ. ಇದು ಸರಿ ತಾನೇ?

ಡ್ಯೂಟಿ ಡಾಕ್ಟರ್

ಪೂರ್ತಿ ಸರಿಯಲ್ಲ. ಆಶ್ರಮದಲ್ಲಿರುವ ಹಿರಿಯರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಏನೂ ತೊಂದರೆ ಇಲ್ಲದಿದ್ದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಬಹಳ ಸಾಮಾನ್ಯ. ಅದಕ್ಕೆ ಚಿಕಿತ್ಸೆ ಬೇಡ. ವಾಸನೆ, ಬಣ್ಣ ಗಾಢ ಅನ್ನುವುದು ಎಷ್ಟೋ ಸಲ ನೀರು ಕಡಿಮೆ ಆದದ್ದು. ಉರಿ ಇದೆಯಾ, ಪದೇ ಪದೇ ಹೋಗುತ್ತಾರಾ, ಕೆಳಹೊಟ್ಟೆ ನೋವು, ಜ್ವರ, ಚಳಿ ಇದೆಯಾ ಅಂತ ಕೇಳಿ ಅದನ್ನು ಹೇಳಿ. ಬರೀ ರಿಪೋರ್ಟ್ ಕಳಿಸಿದರೆ ಎಲ್ಲರ ಕಣ್ಣೂ ಮೂತ್ರದ ಮೇಲೆ ಹೋಗುತ್ತದೆ. ಅಷ್ಟರಲ್ಲಿ ನಿಜವಾದ ಕಾರಣ ಎದೆಯಲ್ಲೋ ಮಾತ್ರೆಯಲ್ಲೋ ಕೂತಿರುತ್ತದೆ. ಬೇಡದ ಆಂಟಿಬಯೋಟಿಕ್‌ನಿಂದ ಭೇದಿ ಬೇರೆ.

ಹುಮನಾಬಾದಿನವಳು, ಈಗ ಅಮೆರಿಕದಲ್ಲಿ

ಇದು ಇಲ್ಲೂ ದೊಡ್ಡ ಹೋರಾಟ. ಮನೆಯವರೇ ಫೋನ್ ಮಾಡಿ ಯೂರಿನ್ ಟೆಸ್ಟ್ ಮಾಡಿ ಅಂತ ಒತ್ತಾಯ ಮಾಡುತ್ತಾರೆ.

ಯಾದಗಿರಿ ಟ್ರಸ್ಟ್ ನೋಡಿಕೊಳ್ಳುವವನು

ಬಿದ್ದವರ ಬಗ್ಗೆ ಕೇಳಬೇಕಿತ್ತು. ಬಿದ್ದರು, ಎದ್ದರು, ಏನೂ ಆಗಿಲ್ಲ ಅಂದರು. ಆಗಲೂ ಹೇಳಬೇಕಾ?

ಆಶ್ರಮದ ಸಿಸ್ಟರ್, ಕಲಬುರಗಿ

ಹೇಳಬೇಕು ಅಣ್ಣಾ. ಮುಖ್ಯವಾಗಿ ತಲೆಗೆ ಪೆಟ್ಟು ಬಿತ್ತಾ, ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಾರಾ ಅನ್ನುವುದು. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಇಂಥವು. ತಿನ್ನುವವರ ತಲೆಗೆ ಪೆಟ್ಟಾದರೆ ಮೇಲೆ ಗಾಯ ಇಲ್ಲದಿದ್ದರೂ ಒಳಗೆ ರಕ್ತ ಒಸರಬಹುದು. ಕೆಲವರಲ್ಲಿ ಅದು ದಿನಗಳು, ವಾರಗಳು ಕಳೆದ ಮೇಲೆ ತಲೆನೋವು, ತೂಕಡಿಕೆ, ನಡಿಗೆ ಸೊಟ್ಟ ಅಂತ ಕಾಣಿಸುತ್ತದೆ. ಆಗ ಫೋನ್ ಮಾಡುವವರಿಗೆ ಹಳೆಯ ಬೀಳುವಿಕೆ ನೆನಪಿರುವುದಿಲ್ಲ. ಬರೆದಿಟ್ಟಿದ್ದರೆ ಮಾತ್ರ ಡಾಕ್ಟರ್‌ಗೆ ಸಿಗುತ್ತದೆ. ಇನ್ನೊಂದು, ಯಾಕೆ ಬಿದ್ದರು ಅಂತಲೂ ಹೇಳಿ. ಜಾರಿ ಬಿದ್ದರಾ, ಕಣ್ಣು ಕತ್ತಲೆ ಬಂದು ಬಿದ್ದರಾ, ಇವೆರಡರ ದಾರಿ ಬೇರೆ.

ನಿಮ್ಮ ತೆಲುಗು ಹಿರಿಯರ ವಿಷಯ. ನಮ್ಮಲ್ಲಿ ದಖನಿ ಉರ್ದು, ಮರಾಠಿ, ಲಂಬಾಣಿ ಮಾತಾಡುವವರು ಇದ್ದಾರೆ. ನಾನು ಮಾಡುವುದಿಷ್ಟು. ಅವರ ಭಾಷೆ ಬಲ್ಲ ಆಯಾನೋ ಪಕ್ಕದ ಹಾಸಿಗೆಯವರೋ ಯಾರಿದ್ದಾರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನ್ ಸ್ಪೀಕರ್‌ಗೆ ಹಾಕಿ, ಹಿರಿಯರ ಬಾಯಿಂದಲೇ ಡಾಕ್ಟರ್‌ಗೆ ಹೇಳಿಸುತ್ತೇನೆ. ನೋವು ಎಲ್ಲಿ ಅಂತ ಅವರೇ ಕೈ ಇಟ್ಟು ತೋರಿಸಲಿ. ಅವರ ಎದುರಿಗೆ ಅವರ ಬಗ್ಗೆಯೇ ನಾವು ಮಾತಾಡುತ್ತಾ ಅವರನ್ನು ಕೇಳದೇ ಇರುವುದು ನನಗೆ ಸರಿ ಕಾಣುವುದಿಲ್ಲ.

ಸೇಡಂ ರಸ್ತೆ

ಫೋನಿನಲ್ಲಿ ಮಾತ್ರೆ ಹೇಳುವುದು ಕಾನೂನಿಗೆ ಸರಿಯಾ? ಕೆಲವು ಡಾಕ್ಟರ್ ಹೆದರುತ್ತಾರೆ.

ಡ್ಯೂಟಿ ಡಾಕ್ಟರ್

2020ರ ಮಾರ್ಚ್ 25ರಂದು ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದಿದೆ. ಫೋನ್, ವಿಡಿಯೋ, ವಾಟ್ಸಾಪ್ ಮೂಲಕ ಸಲಹೆ ಕೊಡಬಹುದು. ರೋಗಿಯ ಪರವಾಗಿ ನೋಡಿಕೊಳ್ಳುವವರು ಮಾತಾಡುವುದಕ್ಕೂ, ನರ್ಸ್ ಮಾತಾಡುವುದಕ್ಕೂ ಅದರಲ್ಲಿ ಅವಕಾಶ ಇದೆ. ರೋಗಿ ಯಾರು ಅಂತ ಖಚಿತ ಇರಬೇಕು, ಡಾಕ್ಟರ್ ದಾಖಲೆ ಇಟ್ಟುಕೊಳ್ಳಬೇಕು, ಕೆಲವು ಔಷಧ ಬರೆಯುವಂತಿಲ್ಲ, ನೋಡದೆ ಆಗುವುದಿಲ್ಲ ಅನ್ನಿಸಿದರೆ ಬರಲು ಹೇಳಬೇಕು. ವಿಡಿಯೋ ಇದ್ದರೆ ನನಗೆ ಬಹಳ ಅನುಕೂಲ. ಉಸಿರಾಟ, ಮುಖದ ಬಣ್ಣ, ಕಣ್ಣು ನನ್ನ ಕಡೆ ತಿರುಗುತ್ತದಾ ಇಲ್ವಾ ಎಲ್ಲ ಕಾಣುತ್ತದೆ. ಆಕ್ಸಿಜನ್ ಅಳೆಯುವಾಗ ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣ, ಮೆಹಂದಿ ಇಲ್ಲದ ಬೆರಳು ನೋಡಿ, ಇಲ್ಲದಿದ್ದರೆ ಅಂಕಿ ತಪ್ಪು ಬರಬಹುದು.

ಸಿಸ್ಟರ್‌ಗಳು ಇನ್ನೊಂದು ಮಾಡಿ. ನಾನು ಹೇಳಿದ್ದನ್ನು ನನಗೇ ತಿರುಗಿ ಓದಿ ಹೇಳಿ. ಹೆಸರು, ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ. ಆಮೇಲೆ "ಎಷ್ಟು ಗಂಟೆಯೊಳಗೆ ಸರಿಯಾಗದಿದ್ದರೆ ಮತ್ತೆ ಮಾಡಲಿ ಸರ್" ಅಂತ ಕೇಳಿಯೇ ಫೋನ್ ಇಡಿ. ಡಾಕ್ಟರ್ ಎತ್ತದಿದ್ದರೆ ಮುಂದೆ ಯಾರಿಗೆ ಅನ್ನುವ ಎರಡನೇ ನಂಬರ್ ಗೋಡೆಯ ಮೇಲೆ ಇರಲಿ.

ಬೀದರ್ ಮಗಳು

ಮನೆಯವರಿಗೆ ಯಾವಾಗ ಹೇಳಬೇಕು ಅಂತ ಯಾರೂ ಹೇಳಲಿಲ್ಲ.

ಆಶ್ರಮದ ಸಿಸ್ಟರ್, ಕಲಬುರಗಿ

ಅಕ್ಕಾ, ನಾನು ಡಾಕ್ಟರ್‌ಗೆ ಮೊದಲು, ನಿಮಗೆ ಅದರ ಬೆನ್ನಿಗೇ ಹೇಳುತ್ತೇನೆ. ಮನೆಯವರನ್ನು ಕೇಳಿ ಆಮೇಲೆ ಡಾಕ್ಟರ್ ಅಂತ ಕೆಲವು ಕಡೆ ಇದೆ, ಖರ್ಚಿನ ಭಯಕ್ಕೆ. ಮಗ ಮೀಟಿಂಗಿನಲ್ಲಿ ಇರುತ್ತಾನೆ, ಫೋನ್ ಎತ್ತುವಷ್ಟರಲ್ಲಿ ಸಂಜೆಯಾಗಿರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಸೇರಿಸುವ ದಿನವೇ ಮನೆಯವರಿಂದ ಒಪ್ಪಿಗೆ ಬರೆಸಿಕೊಳ್ಳಬೇಕು, ತುರ್ತಿನಲ್ಲಿ ಕಾಯದೆ ಆಸ್ಪತ್ರೆಗೆ ಒಯ್ಯುತ್ತೇವೆ ಅಂತ. ಯಾರೂ ಇಲ್ಲದವರಿಗೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳು ಇವೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಆದಷ್ಟು ಹಾಸಿಗೆ, ಬೇರೆ ಸಾಲು ಇರಬೇಕು ಅಂತ ಇದೆ. ಕೇಳಿ ಪಡೆಯಬೇಕು. ಬೇರೆ ಸಹಾಯಕ್ಕೆ ಹಿರಿಯರ ಸಹಾಯವಾಣಿ 14567 ಇದೆ.

ಡಾಕ್ಟರ್ ಸಾಹೇಬ್ರೆ, ನನ್ನದೊಂದು ಕಷ್ಟದ ಪ್ರಶ್ನೆ. ನಮ್ಮಲ್ಲಿ ಒಬ್ಬ ಮುತ್ಯಾ ಇದ್ದಾರೆ. ಬುದ್ಧಿ ಚುರುಕು. "ನನ್ನ ಇನ್ನ ದವಾಖಾನಿಗಿ ಒಯ್ಯಬ್ಯಾಡ್ರಿ ತಾಯಿ" ಅಂತ ಹೇಳಿದ್ದಾರೆ. ಅವರಿಗೆ ಏನಾದರೂ ಆದರೆ ನಾನು ಫೋನಿನಲ್ಲಿ ಏನು ಹೇಳಲಿ?

ಡ್ಯೂಟಿ ಡಾಕ್ಟರ್

ಅದನ್ನೇ ಹೇಳಿ. ಮೊದಲ ಮಾತಿನಲ್ಲೇ ಹೇಳಿ. ಆದರೆ ಅದಕ್ಕೂ ಮೊದಲು, ಅವರು ಚೆನ್ನಾಗಿರುವಾಗ, ಡಾಕ್ಟರ್ ಬಂದ ದಿನ ಎಲ್ಲರೂ ಕೂತು ಅವರನ್ನು ಕೇಳಬೇಕು. ಯಾವುದಕ್ಕೆ ಬೇಡ ಅನ್ನುತ್ತಾರೆ? ಐಸಿಯುಗೆ ಬೇಡವೋ, ಎಲುಬು ಮುರಿದರೂ ಬೇಡವೋ, ನೋವಿಗೆ ಇಂಜೆಕ್ಷನ್ ಬೇಕೋ? ಕೆಲವರು ಹೆದರಿರುವುದು ಖರ್ಚಿಗೆ, ಕೆಲವರು ಒಂಟಿಯಾಗಿ ಬಿಡುತ್ತಾರೆ ಅಂತ. ಆ ಭಯ ಹೋದರೆ ಮಾತು ಬದಲಾಗಬಹುದು. ಬದಲಾಗದಿದ್ದರೆ ಅವರ ಮಾತನ್ನು ಅವರ ಹಾಳೆಯಲ್ಲಿ ಬರೆದು, ಮನೆಯವರಿಗೂ ತಿಳಿಸಿ, ಡಾಕ್ಟರ್ ಸಹಿ ಹಾಕಲಿ. ಮನಸ್ಸು ಬದಲಿಸುವ ಹಕ್ಕು ಅವರಿಗೆ ಯಾವಾಗಲೂ ಇದೆ. ಆಸ್ಪತ್ರೆಗೆ ಒಯ್ಯುವುದಿಲ್ಲ ಅಂದರೆ ಡಾಕ್ಟರ್‌ಗೆ ಫೋನ್ ಮಾಡುವುದಿಲ್ಲ ಅಂತ ಅರ್ಥ ಅಲ್ಲ. ನೋವು, ಉಸಿರುಗಟ್ಟುವುದು, ಮಲಬದ್ಧತೆ ಇದಕ್ಕೆಲ್ಲ ಇದ್ದಲ್ಲೇ ಮಾಡಬೇಕಾದ್ದು ಬಹಳ ಇದೆ. ಅಂಥವರಿಗೆ ನೀವು ಇನ್ನೂ ಜಾಸ್ತಿ ಫೋನ್ ಮಾಡಬೇಕು.

ಆಶ್ರಮದ ಸಿಸ್ಟರ್, ಕಲಬುರಗಿ

ಈ ವಾರ ಡಾಕ್ಟರ್ ಬಂದಾಗ ಮುತ್ಯಾ ಜೊತೆ ಕೂರುತ್ತೇವೆ. ಮಗಳಿಗೂ ಬರಲು ಹೇಳಿದ್ದೇನೆ.

ಆರಾಮ ಇದ್ದಾಗಿನ ಹಾಳೆ, ಚಿತ್ರದ ಚೀಟಿ, ಫೋನ್ ಮಾಡುವ ಮೊದಲು ನೋಡಬೇಕಾದ್ದು, ಈ ಮೂರನ್ನೂ ಕನ್ನಡದಲ್ಲಿ ಮಾಡಿ ಇಲ್ಲಿ ಹಾಕುತ್ತೇನೆ. ಡಾಕ್ಟರ್ ಸಾಹೇಬ್ರು ಒಮ್ಮೆ ತಿದ್ದಿಕೊಡಬೇಕು. ಉರ್ದು, ತೆಲುಗಿನಲ್ಲಿ ಯಾರಾದರೂ ಮಾಡಿಕೊಡುತ್ತೀರಾ?

ಔಷಧ ಅಂಗಡಿ, ಶಹಾಬಾದ್

ಉರ್ದು ನಾನು ಬರೆದುಕೊಡುತ್ತೇನೆ. ಝೆರಾಕ್ಸ್ ಖರ್ಚೂ ನನ್ನದೇ ಇರಲಿ, ಎಷ್ಟು ಪ್ರತಿ ಬೇಕು ಹೇಳಿ.

ಯಾದಗಿರಿ ಟ್ರಸ್ಟ್ ನೋಡಿಕೊಳ್ಳುವವನು

ತೆಲುಗು ನಮ್ಮ ಕಡೆಯ ಮಾಸ್ತರರು ಮಾಡುತ್ತಾರೆ, ಕೇಳಿದೆ, ಒಪ್ಪಿದ್ದಾರೆ. ಥರ್ಮಾಮೀಟರ್ ಇವತ್ತೇ ತಂದೆ. ನಾಳೆಯಿಂದ ಎಲ್ಲರ ಕಾವು, ಉಸಿರು ಬರೆಯಲು ಶುರು ಮಾಡುತ್ತೇವೆ. ರಾತ್ರಿ ಇರುವ ಅಕ್ಕನಿಗೆ ಉಸಿರು ಎಣಿಸುವುದನ್ನು ಯಾರಾದರೂ ವಿಡಿಯೋ ಕಾಲ್‌ನಲ್ಲಿ ಒಮ್ಮೆ ಕಲಿಸಿಕೊಡಿ, ಆಕೆ ಎಂಟು ಗಂಟೆಗೆ ಬರುತ್ತಾರೆ.